ಹೂಂ ಎನ್ನುವಂತಿಲ್ಲ

1989ರ ಫೆಬ್ರವರಿ 19ರಂದು ಸಿಂಗಪುರದಿಂದ ಕ್ವಾಲಾಲಂಪುರಕ್ಕೆ ಬರುತ್ತಿದ್ದ ಸರಕು ಸಾಗಣೆಯ ಬೋಯಿಂಗ್ 747 ವಿಮಾನಕ್ಕೆ, ಇನ್ನೇನು ಇಳಿಯಬೇಕು ಎನ್ನುವಾಗ ನೆಲದಿಂದ ಒಂದು ಸೂಚನೆ ಬಂತು: ‘ಟೈಗರ್ ಸಿಕ್ಸ್ ಸಿಕ್ಸ್, ಡಿಸೆಂಡ್ ಟೂ ಫೋರ್ ಜೀರೋ ಜೀರೋ.’ 2,400 ಅಡಿಗೆ ಇಳಿಯಿರಿ ಎಂಬುದು ವಾಯು ಸಂಚಾರ ನಿಯಂತ್ರಕರ ಮನಸ್ಸಿನಲ್ಲಿದ್ದದ್ದು. ಕಾಕ್‌ಪಿಟ್ಟಿನಲ್ಲಿದ್ದವರು ಕೇಳಿಸಿಕೊಂಡದ್ದು 400 ಅಡಿಗೆ ಇಳಿಯಿರಿ ಎಂದು. ಇಂಗ್ಲಿಷಿನಲ್ಲಿ ಎರಡು ಎಂಬ ಅಂಕಿಗೂ ‘ಅಲ್ಲಿಯವರೆಗೆ’ ಎನ್ನುವ ಪುಟ್ಟ ಪದಕ್ಕೂ ಉಚ್ಚಾರಣೆ ಒಂದೇ. ‘ಓಕೆ, ಫೋರ್ ಜೀರೋ ಜೀರೋ’ ಎಂದು ಮೇಲಿನಿಂದ ಉತ್ತರ ಬಂತು. ತಪ್ಪು ಆ ಉತ್ತರದಲ್ಲೇ ಎದ್ದು ಕಾಣುವಂತಿತ್ತು, ಆದರೆ ಅದನ್ನು ಹಿಡಿಯಬೇಕಾದ ಕಿವಿ ಹಿಡಿಯಲಿಲ್ಲ. ನೆಲ ಹತ್ತಿರವಾಗುತ್ತಿದೆ ಎಂದು ವಿಮಾನದ ಎಚ್ಚರಿಕೆ ಯಂತ್ರ ಕೂಗಿಕೊಂಡರೂ ಒಳಗಿದ್ದವರು ಅದಕ್ಕೆ ಬೆಲೆ ಕೊಡಲಿಲ್ಲ. ವಿಮಾನ ಗುಡ್ಡಕ್ಕೆ ಬಡಿಯಿತು. ನಾಲ್ವರೂ ಸತ್ತರು.

ನಾನು ಪೈಲಟ್ ಅಲ್ಲ, ನಿಯಂತ್ರಣ ಗೋಪುರದ ಮೆಟ್ಟಿಲು ಹತ್ತಿದವಳೂ ಅಲ್ಲ. ಅಪಘಾತಗಳ ತನಿಖಾ ವರದಿ ಓದುವ ಹುಚ್ಚು ಹತ್ತಿದ ಮೇಲೆ, ಪೈಲಟ್ ಮತ್ತು ನಿಯಂತ್ರಕರ ಮಾತುಕತೆಯನ್ನು ನೇರವಾಗಿ ಕೇಳಿಸುವ ಜಾಲತಾಣಗಳಿಗೆ ಕಿವಿ ಕೊಡುವ ಅಭ್ಯಾಸವೂ ಅಂಟಿಕೊಂಡಿತು. ಮೊದಮೊದಲು ಏನೆಂದರೆ ಏನೂ ತಿಳಿಯುವುದಿಲ್ಲ. ಗೊರಗೊರ ಸದ್ದು, ಅಂಕಿಗಳ ಸುರಿಮಳೆ, ಎಲ್ಲರದೂ ಒಂದೇ ರಾಗ. ಕಿವಿ ಪಳಗಿದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಇಲ್ಲಿ ಯಾರೂ ಹೂಂಗುಟ್ಟುವುದಿಲ್ಲ.

ನಾವು ದಿನವಿಡೀ ಆಡುವ ಮಾತು ನಿಂತಿರುವುದೇ ಹೂಂಗುಟ್ಟುವುದರ ಮೇಲೆ. ಎದುರಿನವರು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ನಮಗೆ ಗೊತ್ತಾಗಿರುತ್ತದೆ; ಗೊತ್ತಾಯಿತು ಎಂದು ತಲೆಯಾಡಿಸುತ್ತೇವೆ. ರೇಡಿಯೊದಲ್ಲಿ ತಲೆಯಾಡಿಸಿದ್ದು ಕಾಣುವುದಿಲ್ಲ ಎಂಬುದು ಸಣ್ಣ ತೊಂದರೆ. ದೊಡ್ಡ ತೊಂದರೆ ಇರುವುದು ಆ ‘ಗೊತ್ತಾಯಿತು’ ಎಂಬ ಭಾವನೆಯಲ್ಲೇ. ಸರಿಯಾಗಿ ಕೇಳಿಸಿಕೊಂಡಾಗ ಅದು ಎಷ್ಟು ಗಟ್ಟಿಯಾಗಿರುತ್ತದೆಯೋ ತಪ್ಪಾಗಿ ಕೇಳಿಸಿಕೊಂಡಾಗಲೂ ಅಷ್ಟೇ ಗಟ್ಟಿಯಾಗಿರುತ್ತದೆ. ಟೈಗರ್ 66ರ ಕಾಕ್‌ಪಿಟ್ಟಿನಲ್ಲಿ ಅನುಮಾನವಿದ್ದಿದ್ದರೆ ಯಾರಾದರೂ ಇನ್ನೊಮ್ಮೆ ಕೇಳುತ್ತಿದ್ದರು. ಅನುಮಾನವೇ ಇರಲಿಲ್ಲ.

ಅದಕ್ಕೇ ಹುಟ್ಟಿದ್ದು ತಿರುಗಿ ಹೇಳುವ ಕಟ್ಟಳೆ. ಅವರ ಮಾತಿನಲ್ಲಿ ಅದು ರೀಡ್‌ಬ್ಯಾಕ್. ರನ್‌ವೇ ಪ್ರವೇಶಿಸುವುದು, ದಾಟುವುದು, ಅದರ ಅಂಚಿನಲ್ಲಿ ಕಾಯುವುದು, ಏರುವುದು, ಇಳಿಯುವುದು, ಎಷ್ಟು ಎತ್ತರ, ಯಾವ ದಿಕ್ಕು, ಎಷ್ಟು ವೇಗ, ಎತ್ತರಮಾಪಕಕ್ಕೆ ಕೂರಿಸಬೇಕಾದ ಒತ್ತಡದ ಅಂಕಿ, ರಡಾರಿಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರಿನ ಸಂಕೇತ ಸಂಖ್ಯೆ: ಇಷ್ಟನ್ನೂ ಪೈಲಟ್ ಕೇಳಿಸಿಕೊಂಡ ಹಾಗೆಯೇ ತಿರುಗಿ ಹೇಳಬೇಕು, ಜೊತೆಗೆ ತನ್ನ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ತನ್ನ ವಿಮಾನಕ್ಕಿರುವ ಹೆಸರು, ಸೇರಿಸಬೇಕು. ಸಿನಿಮಾಗಳಲ್ಲಿ ಮಾತುಮಾತಿಗೂ ಬರುವ ‘ರೋಜರ್’ ಇಲ್ಲಿ ಬಹಳ ಬಡಪಾಯಿ. ‘ನೀವು ಈಗ ಹೇಳಿದ್ದೆಲ್ಲ ನನಗೆ ಮುಟ್ಟಿತು’ ಎನ್ನುವುದಷ್ಟೇ ಅದರ ಶಕ್ತಿ. ಒಪ್ಪಿದೆ ಎಂದಾಗಲಿ, ಮಾಡುತ್ತೇನೆ ಎಂದಾಗಲಿ ಅದು ಹೇಳುವುದಿಲ್ಲ. ಮುಟ್ಟಿದ್ದು ಏನು ಎಂಬುದನ್ನಂತೂ ಹೇಳುವುದೇ ಇಲ್ಲ. ಹೌದು ಅಥವಾ ಅಲ್ಲ ಎಂಬ ಉತ್ತರ ಬೇಕಾದ ಪ್ರಶ್ನೆಗೆ ‘ರೋಜರ್’ ಎಂದು ಜಾರಿಕೊಳ್ಳುವಂತಿಲ್ಲ.

ಇದರ ಇನ್ನರ್ಧ ನಿಯಂತ್ರಕರ ಪಾಲಿನದು. ತಿರುಗಿ ಬಂದ ಮಾತನ್ನು ತಾನು ಕಳಿಸಿದ ಮಾತಿನ ಪಕ್ಕದಲ್ಲಿಟ್ಟು ನೋಡುವುದು, ಅಂದರೆ ಹಿಯರ್‌ಬ್ಯಾಕ್. ಇಡೀ ವ್ಯವಸ್ಥೆಯ ಸಡಿಲವಾದ ಕೊಂಡಿ ಇದೇ ಎಂದು ನನಗೆ ಅನಿಸಿದೆ. ಪೈಲಟ್ ಉತ್ತರಿಸುವ ಹೊತ್ತಿಗೆ ನಿಯಂತ್ರಕರ ಕಣ್ಣು ಪರದೆಯ ಮೇಲೆ ಮುಂದಿನ ವಿಮಾನಕ್ಕೆ ಹೋಗಿರುತ್ತದೆ. ಹೇಳಿದ ಕೆಲಸ ಮುಗಿದಿದೆ, ಉತ್ತರ ಬರಲೇಬೇಕಾದದ್ದು ಬರುತ್ತಿದೆ. ಅಂಥ ಹೊತ್ತಿನಲ್ಲಿ ಕಿವಿ ತನಗೆ ಬೇಕಾದದ್ದನ್ನೇ ಕೇಳಿಸಿಕೊಳ್ಳುತ್ತದೆ. ನಿರೀಕ್ಷಿಸಿದ್ದು 2,400, ಬಂದದ್ದು 400, ಕೇಳಿಸಿದ್ದು ಮತ್ತೆ 2,400.

ಇಂಥ ಬಿರುಕುಗಳಿಗೆ ತೇಪೆ ಹಾಕುತ್ತಲೇ ಈ ಭಾಷೆ ಬೆಳೆದಿದೆ. ಬ್ರಿಟನ್ನಿನಲ್ಲಿ ಫ್ಲೈಟ್ ಲೆವೆಲ್, ಅಂದರೆ ನೂರಡಿಗಳ ಲೆಕ್ಕದಲ್ಲಿ ಎತ್ತರ, ಹೇಳುವಾಗ ಆ ‘ಟು’ ಎಂಬ ಪದವನ್ನೇ ಕೈಬಿಟ್ಟಿದ್ದಾರೆ. 2,400 ಅಡಿಯನ್ನು ಬಿಡಿ ಅಂಕಿಗಳಲ್ಲಿ ಒದರದೆ ‘ಟೂ ಥೌಸಂಡ್ ಫೋರ್ ಹಂಡ್ರೆಡ್’ ಎಂದು ಬಿಡಿಸಿ ಹೇಳುವುದು ಈಗಿನ ಕ್ರಮ. ಒಂಬತ್ತನ್ನು ‘ನೈನರ್’ ಎನ್ನುವುದು, ಅಕ್ಷರಗಳಿಗೆ ಆಲ್ಫಾ, ಬ್ರಾವೊ, ಚಾರ್ಲಿ ಎಂದು 1956ರಿಂದ ನಡೆದುಬಂದಿರುವ ಹೆಸರುಗಳು, ಎಲ್ಲವೂ ಸದ್ದಿನ ನಡುವೆ ಅರ್ಧ ಕೇಳಿಸಿದರೂ ಪೂರ್ತಿ ಉಳಿಯಲಿ ಎಂದು. ನಿಮಿಷಕ್ಕೆ ನೂರು ಪದ ಮೀರಬಾರದು ಎಂಬ ಸೂಚನೆಯೂ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ, ಅಂದರೆ ಐಕಾವೊದ, ಕಟ್ಟಳೆಗಳಲ್ಲಿದೆ. ಜನನಿಬಿಡ ವಿಮಾನ ನಿಲ್ದಾಣವೊಂದರ ಸಂಜೆಯ ಮಾತುಕತೆ ಕೇಳಿದರೆ ಆ ಸೂಚನೆಗೆ ಎಂಥ ಮರ್ಯಾದೆ ಸಿಗುತ್ತಿದೆ ಎಂಬುದು ತಿಳಿಯುತ್ತದೆ. ಹರಾಜು ಕೂಗುವವರೂ ಇಷ್ಟು ಅವಸರ ಮಾಡುವುದಿಲ್ಲ.

ಇನ್ನು ಟೆನೆರಿಫ್. ಈ ವಿಷಯ ಎತ್ತಿದವರೆಲ್ಲ ಅಲ್ಲಿಗೆ ಹೋಗಿಯೇ ಹೋಗುತ್ತಾರೆ. ನಾನು ಹೋಗುವುದು ಅಲ್ಲಿನ ಒಂದೇ ಒಂದು ‘ಓಕೆ’ಗಾಗಿ.

1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಗ್ರಾನ್ ಕನೇರಿಯಾ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ಅಲ್ಲಿಗೆ ಹೋಗಬೇಕಾದ ವಿಮಾನಗಳೆಲ್ಲ ಪಕ್ಕದ ಟೆನೆರಿಫ್‌ನ ಲಾಸ್ ರೋಡಿಯೋಸ್ ಎಂಬ ಸಣ್ಣ ನಿಲ್ದಾಣದಲ್ಲಿ ಬಂದು ತುಂಬಿಕೊಂಡಿದ್ದವು. ಟ್ಯಾಕ್ಸಿವೇ ಮೇಲೂ ವಿಮಾನಗಳು ನಿಂತಿದ್ದರಿಂದ, ಹೊರಡುವವರು ರನ್‌ವೇ ಮೇಲೆಯೇ ಹಾರುವ ದಿಕ್ಕಿಗೆ ಎದುರಾಗಿ ಸಾಗಿ ತುದಿ ತಲುಪಬೇಕಿತ್ತು. ಕೆಎಲ್‌ಎಂ ಸಂಸ್ಥೆಯ 747 ತುದಿ ಮುಟ್ಟಿ ತಿರುಗಿ ನಿಂತಿತು. ಪ್ಯಾನ್ ಆ್ಯಮ್ ಸಂಸ್ಥೆಯ 747 ಇನ್ನೂ ಅದೇ ರನ್‌ವೇ ಮೇಲೆ ಎದುರಿನಿಂದ ಬರುತ್ತಿತ್ತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಇವರಿಗೆ ಅವರು ಕಾಣುತ್ತಿರಲಿಲ್ಲ, ಗೋಪುರಕ್ಕೆ ಇಬ್ಬರೂ ಕಾಣುತ್ತಿರಲಿಲ್ಲ. ಎಲ್ಲರಿಗೂ ಉಳಿದಿದ್ದ ಕಣ್ಣು ಎಂದರೆ ರೇಡಿಯೊ ಒಂದೇ.

ಕೆಎಲ್‌ಎಂ ವಿಮಾನಕ್ಕೆ ನಿಯಂತ್ರಕರು ಹೋಗಬೇಕಾದ ಮಾರ್ಗವನ್ನು ಓದಿ ಹೇಳಿದರು. ಅದು ಮಾರ್ಗದ ಅನುಮತಿ ಮಾತ್ರ, ಹಾರುವ ಅನುಮತಿ ಬೇರೆ. ಆದರೆ ಆ ಮಾರ್ಗದ ಮಾತಿನೊಳಗೆ ‘ಟೇಕ್‌ಆಫ್ ಆದ ಮೇಲೆ ಬಲಕ್ಕೆ ತಿರುಗಿ’ ಎಂದಿತ್ತು. ಸಹಪೈಲಟ್ ಅದನ್ನು ತಿರುಗಿ ಹೇಳಿ, ಕೊನೆಗೆ ‘ನಾವೀಗ ಟೇಕ್‌ಆಫ್‌ನಲ್ಲಿದ್ದೇವೆ’ ಎನ್ನುವಂಥ ಮಾತು ಸೇರಿಸಿದರು. ಹಾರಲು ಸಿದ್ಧರಾಗಿ ನಿಂತಿದ್ದಾರೆ ಎಂದು ಗೋಪುರ ಭಾವಿಸಿತು. ಆ ಹೊತ್ತಿಗೆ ವಿಮಾನ ಓಡಲು ತೊಡಗಿತ್ತು. ನಿಯಂತ್ರಕರು ‘ಓಕೆ’ ಎಂದರು. ಎರಡು ಸೆಕೆಂಡಿನಷ್ಟು ಬಿಡುವು. ಆಮೇಲೆ ‘ಸ್ಟ್ಯಾಂಡ್ ಬೈ ಫಾರ್ ಟೇಕ್‌ಆಫ್, ಐ ವಿಲ್ ಕಾಲ್ ಯೂ’ ಎಂದರು. ಆ ಬಿಡುವು ಕಂಡು ಗಾಬರಿಯಾದ ಪ್ಯಾನ್ ಆ್ಯಮ್ ಪೈಲಟ್ ಅದೇ ಕ್ಷಣದಲ್ಲಿ ಗುಂಡಿ ಒತ್ತಿ, ತಾವಿನ್ನೂ ರನ್‌ವೇ ಮೇಲೆಯೇ ಇದ್ದೇವೆ ಎಂದು ಹೇಳಿದರು. ಎರಡು ಮಾತೂ ಒಂದರ ಮೇಲೊಂದು ಬಿದ್ದವು. ಕೆಎಲ್‌ಎಂ ಕಾಕ್‌ಪಿಟ್ಟಿಗೆ ಸ್ಪಷ್ಟವಾಗಿ ತಲುಪಿದ್ದು ‘ಓಕೆ’. ಅದರ ಹಿಂದೆ ಕಿವಿಗಡಚಿಕ್ಕುವ ಒಂದು ಸಿಳ್ಳೆ.

ವಿಮಾನವನ್ನು ನಿಲ್ಲಿಸಬಹುದಾಗಿದ್ದ ಎರಡು ವಾಕ್ಯಗಳು ಒಂದನ್ನೊಂದು ಕೊಂದವು, ಉಳಿದದ್ದು ಒಂದು ಹೂಂಕಾರ. ಅದಾದ ಮೇಲೂ ಅವಕಾಶವಿತ್ತು. ರನ್‌ವೇ ತೆರವು ಮಾಡಿದ ಮೇಲೆ ತಿಳಿಸಿ ಎಂದು ಗೋಪುರ ಪ್ಯಾನ್ ಆ್ಯಮ್‌ಗೆ ಹೇಳಿದ್ದು, ತಿಳಿಸುತ್ತೇವೆ ಎಂದು ಅವರು ಒಪ್ಪಿದ್ದು ಕೆಎಲ್‌ಎಂ ಒಳಗೂ ಕೇಳಿಸಿತು. ಅಲ್ಲಿನ ಫ್ಲೈಟ್ ಎಂಜಿನಿಯರ್ ‘ಆ ಪ್ಯಾನ್ ಅಮೆರಿಕನ್ ಇನ್ನೂ ತೆರವಾಗಿಲ್ಲವೇ?’ ಎಂದು ಕೇಳಿಯೂ ಕೇಳಿದರು. ಆಗಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದರು. 583 ಜನ ಸತ್ತರು. ಅಂದಿನಿಂದ ‘ಟೇಕ್‌ಆಫ್’ ಎಂಬ ಪದವನ್ನು ಕಟ್ಟಿಹಾಕಲಾಗಿದೆ. ಹಾರುವ ಅನುಮತಿ ಕೊಡುವಾಗ, ಇಲ್ಲವೇ ಕೊಟ್ಟ ಅನುಮತಿಯನ್ನು ರದ್ದುಮಾಡುವಾಗ ಮಾತ್ರ ಅದು ಬಾಯಿಗೆ ಬರಬೇಕು. ಬೇರೆಲ್ಲ ಕಡೆ ‘ಡಿಪಾರ್ಚರ್’.

ಆ ಸಿಳ್ಳೆಯ ಬಗ್ಗೆ ಒಂದಿಷ್ಟು ಹೇಳಲೇಬೇಕು. ವಿಮಾನಗಳ ವಿಎಚ್‌ಎಫ್ ರೇಡಿಯೊ 118ರಿಂದ 137 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತದೆ, ಅದೂ ಹಳೆಯ ಎಎಂ ವಿಧಾನದಲ್ಲಿ. ಹಾಡು ಕೇಳಲು ಎಫ್‌ಎಂ ಬಂದು ಎಷ್ಟೋ ಕಾಲವಾದರೂ ಇವರೇಕೆ ಈ ಹಳೆಯದಕ್ಕೆ ಜೋತುಬಿದ್ದಿದ್ದಾರೆ ಎಂದು ನನಗೂ ಅನಿಸಿತ್ತು. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಬಲವಾದ ಸಂಕೇತ ಬಲಹೀನವಾದುದನ್ನು ಪೂರ್ತಿ ನುಂಗಿಹಾಕುತ್ತದೆ. ಇನ್ನೊಬ್ಬರು ಮಾತಾಡಿದರು ಎಂಬ ಸುಳಿವೂ ಉಳಿಯುವುದಿಲ್ಲ. ಎಎಂನಲ್ಲಿ ಹಾಗಲ್ಲ. ಎರಡು ವಾಹಕ ತರಂಗಗಳ ಕಂಪನದಲ್ಲಿರುವ ಅಲ್ಪ ವ್ಯತ್ಯಾಸವೇ ಸಿಳ್ಳೆಯಾಗಿ ಕೇಳಿಸುತ್ತದೆ. ಮಾತು ಕೆಟ್ಟರೂ, ಕೆಟ್ಟಿದೆ ಎಂಬ ಸುದ್ದಿ ಮುಟ್ಟುತ್ತದೆ. ಸರಿಯಾದ ಶಿಸ್ತಿರುವ ಕಡೆ ಈ ಸಿಳ್ಳೆ ಕೇಳಿದ ಮೂರನೆಯವರು ಯಾರಾದರೂ ‘ಬ್ಲಾಕ್ಡ್’ ಎನ್ನುತ್ತಾರೆ. ಆಗ ಮೊದಲಿನವರು ತಮ್ಮ ಮಾತನ್ನು ಮತ್ತೆ ಹೇಳುತ್ತಾರೆ. ಮೂರನೆಯವರೇ ಹೇಳಬೇಕು, ಯಾಕೆಂದರೆ ಗುಂಡಿ ಒತ್ತಿಕೊಂಡು ಮಾತಾಡುತ್ತಿರುವವರಿಗೆ ಆ ಹೊತ್ತಿನಲ್ಲಿ ಏನೂ ಕೇಳಿಸುವುದಿಲ್ಲ. ಈ ರೇಡಿಯೊದಲ್ಲಿ ಮಾತಾಡುವವರು ಆ ಕ್ಷಣಕ್ಕೆ ಕಿವುಡರು.

ಇದು ಹಳೆಯ ಕಾಲದ ಮಾತೆಂದುಕೊಂಡರೆ 2025ರ ಜನವರಿ 29ರ ವಾಷಿಂಗ್ಟನ್ ಇದೆ. ಪೊಟೊಮ್ಯಾಕ್ ನದಿಯ ಮೇಲೆ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಮತ್ತು ಇಳಿಯುತ್ತಿದ್ದ ಪ್ರಯಾಣಿಕ ಜೆಟ್ ಡಿಕ್ಕಿಯಾಗಿ 67 ಜನ ಸತ್ತರು. ಜೆಟ್ಟಿನ ಹಿಂದಿನಿಂದ ಹೋಗಿ ಎಂದು ಗೋಪುರ ಹೆಲಿಕಾಪ್ಟರಿಗೆ ಹೇಳಿತ್ತು. ‘ಹಿಂದಿನಿಂದ ಹೋಗಿ’ ಎನ್ನುವ ಆ ಭಾಗವೇ ಅವರಿಗೆ ಕೇಳಿಸಿರಲಿಕ್ಕಿಲ್ಲ ಎಂದು ತನಿಖೆ ನಡೆಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ಹೇಳಿತು. ಆ ಕ್ಷಣದಲ್ಲಿ ಹೆಲಿಕಾಪ್ಟರಿನಲ್ಲಿ ಮೈಕಿನ ಗುಂಡಿ 0.8 ಸೆಕೆಂಡ್ ಒತ್ತಿತ್ತು. ಆ ದುರಂತಕ್ಕೆ ಕಾರಣ ಇದೊಂದೇ ಅಲ್ಲ, ಮಾರ್ಗಗಳ ವಿನ್ಯಾಸವೂ ಎತ್ತರದ ಗೊಂದಲವೂ ಇದ್ದವು. ಆದರೂ ಆ 0.8 ನನ್ನ ತಲೆಯಿಂದ ಹೋಗುವುದಿಲ್ಲ. ಜೊತೆಗೆ ಹೆಲಿಕಾಪ್ಟರ್ ಮತ್ತು ಜೆಟ್ ಬೇರೆಬೇರೆ ಫ್ರೀಕ್ವೆನ್ಸಿಯಲ್ಲಿದ್ದವು. ನಿಯಂತ್ರಕರ ಮಾತು ಇಬ್ಬರಿಗೂ ಕೇಳಿಸುತ್ತಿತ್ತು, ಒಬ್ಬರ ಉತ್ತರ ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ.

ಇಷ್ಟು ಓದಿದವರಿಗೆ ತಿರುಗಿ ಹೇಳುವ ಕಟ್ಟಳೆಯೊಂದಿದ್ದರೆ ಸಾಕು ಎಂಬ ನಂಬಿಕೆ ಹುಟ್ಟಿದ್ದರೆ, ಅದನ್ನು ಒಡೆಯಲು ಟೋಕಿಯೊದ ಹನೇಡಾ ಸಾಕು. 2024ರ ಜನವರಿ 2ರ ಸಂಜೆ, ಭೂಕಂಪ ಪೀಡಿತರಿಗೆ ಸಾಮಗ್ರಿ ಒಯ್ಯಲು ಸಿದ್ಧವಾಗಿದ್ದ ಕರಾವಳಿ ಕಾವಲು ಪಡೆಯ ಸಣ್ಣ ವಿಮಾನಕ್ಕೆ ಗೋಪುರ ಹೇಳಿದ್ದು: ‘ನಂಬರ್ ಒನ್, ಟ್ಯಾಕ್ಸಿ ಟು ಹೋಲ್ಡಿಂಗ್ ಪಾಯಿಂಟ್ ಸಿ ಫೈವ್.’ ಹಾರುವ ಸರದಿಯಲ್ಲಿ ನೀವೇ ಮೊದಲಿಗರು, ರನ್‌ವೇಯ ಹೊರಗಿನ ಆ ಗೆರೆಯವರೆಗೆ ಹೋಗಿ ನಿಲ್ಲಿ. ಉತ್ತರ ಲೋಪವಿಲ್ಲದೆ ಬಂತು. ಸಿ ಫೈವ್ ಎಂದರು, ನಂಬರ್ ಒನ್ ಎಂದರು, ಧನ್ಯವಾದವನ್ನೂ ಹೇಳಿದರು. ಹೇಳಿ, ಗೆರೆ ದಾಟಿ ರನ್‌ವೇ ಮೇಲೆ ಹೋಗಿ ಸುಮಾರು 40 ಸೆಕೆಂಡ್ ನಿಂತರು. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್‌ನ ಎ350 ಬಂದು ಬಡಿಯಿತು. ದೊಡ್ಡ ವಿಮಾನದ 379 ಜನರೂ ಉರಿಯುವ ವಿಮಾನದಿಂದ ಇಳಿದು ಬದುಕಿದರು, ಸಣ್ಣ ವಿಮಾನದ ಆರು ಮಂದಿಯಲ್ಲಿ ಐವರು ಸತ್ತರು. ರನ್‌ವೇ ಪ್ರವೇಶಕ್ಕೆ ಅನುಮತಿ ಸಿಕ್ಕಿದೆ ಎಂದೇ ಆ ಕ್ಯಾಪ್ಟನ್ ಭಾವಿಸಿದ್ದರು.

ಇಲ್ಲಿ ಬಾಯಿ ಸರಿಯಾಗಿ ಹೇಳಿತು, ಕಿವಿ ಸರಿಯಾಗಿ ಕೇಳಿತು, ನಿಯಂತ್ರಕರು ತಾಳೆ ನೋಡಿದ್ದರೂ ಏನೂ ಸಿಕ್ಕುತ್ತಿರಲಿಲ್ಲ. ತಪ್ಪು ಮಾತಿನ ಕೆಳಗೆ ಕುಳಿತಿತ್ತು. ನಂಬರ್ ಒನ್ ಎಂಬುದು ಸೂಚನೆಯಲ್ಲ, ಸುದ್ದಿ. ಆದರೆ ಅವಸರದಲ್ಲಿರುವವರಿಗೆ ಅದು ‘ಹೋಗಿ’ ಎಂದಂತೆ ಕೇಳಿಸಬಲ್ಲದು. ಅಪಘಾತದ ಬೆನ್ನಲ್ಲೇ ಜಪಾನ್ ಸರದಿಯ ಸಂಖ್ಯೆ ಹೇಳುವುದನ್ನು ಕೆಲಕಾಲ ನಿಲ್ಲಿಸಿತ್ತು. ಅದು ಅತಿಯಾಯಿತು, ಸರದಿ ತಿಳಿದರೆ ಪೈಲಟ್‌ಗೆ ಅನುಕೂಲ ಎನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ರನ್‌ವೇ ಅಂಚಿನಲ್ಲಿ ನಿಂತವರಿಗೆ ಬೇಕಾದದ್ದು ಒಂದೇ ಮಾತು, ನಿಲ್ಲಬೇಕೋ ಹೋಗಬೇಕೋ. ಸೌಜನ್ಯಕ್ಕೆ ಸೇರಿಸಿದ ಪ್ರತಿಯೊಂದು ಪದವೂ ತಪ್ಪಿಗೆ ಇನ್ನೊಂದು ಬಾಗಿಲು.

ಸೌಜನ್ಯದ ಮಾತು ಬಂದಾಗ 1990ರ ಜನವರಿ 25ರ ಆವಿಯಾಂಕಾ 52ನ್ನು ಬಿಡಲಾಗುವುದಿಲ್ಲ. ಕೊಲಂಬಿಯಾದಿಂದ ಬಂದ ಈ ಬೋಯಿಂಗ್ 707ನ್ನು ಹವಾಮಾನ ಕೆಟ್ಟಿದ್ದರಿಂದ ನ್ಯೂಯಾರ್ಕಿಗೆ ಬರುವ ದಾರಿಯಲ್ಲಿ ಒಟ್ಟು ಒಂದು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲೇ ಕಾಯಿಸಲಾಯಿತು. ಇಳಿಯುವ ಮೊದಲ ಯತ್ನ ಕೈಗೂಡಲಿಲ್ಲ. ತುರ್ತು ಎಂದು ಹೇಳು ಎಂದು ಕ್ಯಾಪ್ಟನ್ ಸ್ಪ್ಯಾನಿಷಿನಲ್ಲಿ ಸಹಪೈಲಟ್‌ಗೆ ಹೇಳುತ್ತಿದ್ದರು. ಸಹಪೈಲಟ್ ರೇಡಿಯೊದಲ್ಲಿ ದಿಕ್ಕಿನ ಸೂಚನೆಯನ್ನು ತಿರುಗಿ ಹೇಳಿ, ಮತ್ತೊಮ್ಮೆ ಪ್ರಯತ್ನಿಸುತ್ತೇವೆ ಎಂದು, ಅದರ ಬಾಲಕ್ಕೆ ‘ನಮ್ಮ ಇಂಧನ ಮುಗಿಯುತ್ತಿದೆ’ ಎಂದು ಸೇರಿಸಿದರು. ಅತ್ತಲಿಂದ ‘ಓಕೆ’ ಬಂತು. ಆಮೇಲೆ ಇನ್ನಷ್ಟು ದೂರ ಕಳಿಸುವಾಗ ನಿಯಂತ್ರಕರು, ನಿಮಗೂ ನಿಮ್ಮ ಇಂಧನಕ್ಕೂ ಇದು ಆಗಬಹುದೇ ಎಂದು ಕೇಳಿದರು. ‘ಐ ಗೆಸ್ ಸೋ, ಥ್ಯಾಂಕ್ ಯೂ ವೆರಿ ಮಚ್.’ ಆಗಬಹುದು ಅನಿಸುತ್ತದೆ, ತುಂಬಾ ಧನ್ಯವಾದ. ಸ್ವಲ್ಪ ಹೊತ್ತಿನಲ್ಲಿ ಎಂಜಿನ್‌ಗಳು ಒಂದೊಂದಾಗಿ ನಿಂತವು. ವಿಮಾನ ಲಾಂಗ್ ಐಲೆಂಡಿನ ಗುಡ್ಡದ ಮೇಲೆ ಬಿತ್ತು. 158 ಜನರಲ್ಲಿ 73 ಮಂದಿ ಸತ್ತರು.

ಆ ಸಹಪೈಲಟ್ ಸುಳ್ಳು ಹೇಳಲಿಲ್ಲ. ಇಂಧನ ಮುಗಿಯುತ್ತಿತ್ತು, ಹಾಗೆಂದೇ ಹೇಳಿದರು. ಆದರೆ ಆ ರಾತ್ರಿ ಕಾದು ಬೇಸತ್ತ ಎಲ್ಲ ವಿಮಾನಗಳ ಇಂಧನವೂ ಒಂದು ಅರ್ಥದಲ್ಲಿ ಮುಗಿಯುತ್ತಲೇ ಇತ್ತು. ಅಧಿಕಾರದಲ್ಲಿರುವವರ ಮುಂದೆ, ಪರಭಾಷೆಯಲ್ಲಿ, ತೊಂದರೆ ಕೊಡುತ್ತಿದ್ದೇವೇನೋ ಎಂಬ ಸಂಕೋಚದಲ್ಲಿ ಆಡಿದ ಮಾತು ಅದು. ಅಂಥ ಸಂಕೋಚ ಗೊತ್ತಿಲ್ಲದವರು ಯಾರು? ಅದಕ್ಕೇ ಸಂಕೋಚಕ್ಕೆ ಎಡೆಯಿಲ್ಲದ ಪದ ಬೇಕು. ಪ್ರಾಣಾಪಾಯದ ಕರೆಯಾದ ‘ಮೇಡೇ’ಯನ್ನು ಮೂರು ಸಲ ಹೇಳಿದ ಮೇಲೆ ಅದಕ್ಕೆ ಎರಡನೆಯ ಅರ್ಥವಿರುವುದಿಲ್ಲ. 2012ರಲ್ಲಿ ಐಕಾವೊ ಇಂಧನಕ್ಕೆಂದೇ ಎರಡು ಮೆಟ್ಟಿಲು ಗೊತ್ತುಮಾಡಿತು. ಇನ್ನು ವಿಳಂಬವಾದರೆ ಮೀಸಲು ಇಂಧನಕ್ಕೆ ಕೈ ಹಾಕಬೇಕಾದೀತು ಎಂದರೆ ‘ಮಿನಿಮಮ್ ಫ್ಯೂಯೆಲ್’; ಕೈ ಹಾಕುವುದು ಖಚಿತವಾದರೆ ‘ಮೇಡೇ ಫ್ಯೂಯೆಲ್’.

ಇಷ್ಟೆಲ್ಲ ಹೇಳಿದ ಮೇಲೆ ಕಟ್ಟಳೆ ಮುರಿದೂ ಗೆದ್ದ ಒಂದು ಸಂಭಾಷಣೆಯನ್ನು ಮುಚ್ಚಿಡುವುದು ಸರಿಯಲ್ಲ. 2009ರ ಜನವರಿ 15ರಂದು ನ್ಯೂಯಾರ್ಕಿನಿಂದ ಹೊರಟ ಯುಎಸ್ ಏರ್‌ವೇಸ್ ವಿಮಾನಕ್ಕೆ ಹಕ್ಕಿಗಳು ಬಡಿದು ಎರಡೂ ಎಂಜಿನ್ ನಿಂತಾಗ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ತಮ್ಮ ಕಾಲ್‌ಸೈನನ್ನೇ ತಪ್ಪಾಗಿ ಹೇಳಿದರು: ಕ್ಯಾಕ್ಟಸ್ 1549ರ ಬದಲು 1539. ನಿಯಂತ್ರಕ ಪ್ಯಾಟ್ರಿಕ್ ಹಾರ್ಟನ್ ಉತ್ತರಿಸುವಾಗ ಅದನ್ನು 1529 ಮಾಡಿದರು. ಯಾರೂ ಯಾರನ್ನೂ ತಿದ್ದಲಿಲ್ಲ, ಯಾರಿಗೂ ಗೊಂದಲವಾಗಲಿಲ್ಲ. ಹಡ್ಸನ್ ನದಿಯಲ್ಲಿ ಇಳಿಯುತ್ತೇವೆ ಎಂಬ ಮಾತು ಬಂದಾಗ ಹಾರ್ಟನ್ ಇನ್ನೊಮ್ಮೆ ಹೇಳಿ ಎಂದರು. ಮಾತು ತನಗೆ ಚೆನ್ನಾಗಿಯೇ ಕೇಳಿಸಿತ್ತು, ಮನಸ್ಸು ಒಪ್ಪಲಿಲ್ಲ ಎಂದು ಆಮೇಲೆ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಅವರು ಹೇಳಿದರು. 155 ಜನರೂ ಬದುಕಿದರು. ಒಂದೇ ವಿಮಾನ ಬೀಳುತ್ತಿರುವಾಗ ಎಲ್ಲರ ಗಮನವೂ ಅದರ ಮೇಲೆಯೇ ಇರುತ್ತದೆ, ಆಗ ತಪ್ಪು ಸಂಖ್ಯೆಯೂ ನಡೆದೀತು. ಅಪಾಯವಿರುವುದು ಎಲ್ಲವೂ ಸರಿಯಿದೆ ಎನ್ನುವ ದಿನಗಳಲ್ಲಿ.

ಇನ್ನೊಂದು ಲೋಕ ನಿಧಾನವಾಗಿ ಬರುತ್ತಿದೆ. ಸಾಗರದ ಮೇಲೆ ಹಾರುವಾಗ ಗೊರಗುಟ್ಟುವ ಎಚ್‌ಎಫ್ ರೇಡಿಯೊ ಬದಲು ನಿಯಂತ್ರಕರ ಸೂಚನೆ ಅಕ್ಷರಗಳಾಗಿ ಪರದೆಯ ಮೇಲೆ ಬರುತ್ತದೆ, ಪೈಲಟ್ ಗುಂಡಿ ಒತ್ತಿ ಒಪ್ಪುತ್ತಾರೆ. ಸಿಪಿಡಿಎಲ್‌ಸಿ ಎಂಬ ಈ ವ್ಯವಸ್ಥೆ ಯುರೋಪಿನಲ್ಲಿ ಫ್ಲೈಟ್ ಲೆವೆಲ್ 285ರ ಮೇಲೆ ಕಡ್ಡಾಯ. ಟೂ ಮತ್ತು ಟು ನಡುವಿನ ಗೊಂದಲವಿಲ್ಲ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವುದಿಲ್ಲ, ಉಚ್ಚಾರಣೆಯ ಹಂಗಿಲ್ಲ. ಆದರೆ ಒಬ್ಬರಿಗೆ ಬಂದ ಅಕ್ಷರ ಇನ್ನೊಬ್ಬರಿಗೆ ಕಾಣುವುದಿಲ್ಲ. ಧ್ವನಿಯ ಫ್ರೀಕ್ವೆನ್ಸಿ ಎಂದರೆ ಎಲ್ಲರೂ ಕದ್ದು ಕೇಳುವ ಮಾತು. ಬೇರೊಬ್ಬರಿಗೆ ಕೊಟ್ಟ ಅನುಮತಿಯಲ್ಲಿ ತನ್ನ ಅಪಾಯವನ್ನು ಕಂಡುಕೊಂಡ ಪೈಲಟ್‌ಗಳು ಎಷ್ಟೋ ಮಂದಿ. 2000ದ ಮೇ 25ರ ರಾತ್ರಿ ಪ್ಯಾರಿಸ್ಸಿನಲ್ಲಿ ಈ ಕದ್ದು ಕೇಳುವಿಕೆ ಕೆಲಸ ಮಾಡಲಿಲ್ಲ. ಹಾರಲು ಓಡುತ್ತಿದ್ದ ಜೆಟ್ಟಿನೊಂದಿಗೆ ಗೋಪುರ ಫ್ರೆಂಚಿನಲ್ಲಿ, ಅದೇ ರನ್‌ವೇಗೆ ಕಾದಿದ್ದ ಸಣ್ಣ ಸರಕು ವಿಮಾನದೊಂದಿಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು. ಸಣ್ಣ ವಿಮಾನ ರನ್‌ವೇ ಪ್ರವೇಶಿಸಿತು. ಜೆಟ್ಟಿನ ರೆಕ್ಕೆ ಅದರ ಕಾಕ್‌ಪಿಟ್ಟನ್ನು ಸೀಳಿತು, ಒಬ್ಬ ಪೈಲಟ್ ಸತ್ತರು.

ಹಾಗಾಗಿ ನನ್ನ ಆಸೆ ಇಷ್ಟೇ. ಎತ್ತರದಲ್ಲಿ ನೆಟ್ಟಗೆ ಸಾಗುವಾಗಿನ ಫ್ರೀಕ್ವೆನ್ಸಿ ಬದಲಾವಣೆ, ಮಾರ್ಗದ ಉದ್ದನೆಯ ಅನುಮತಿ, ಇವೆಲ್ಲ ಅಕ್ಷರಕ್ಕೆ ಹೋಗಲಿ. ಧ್ವನಿಗೆ ಅಷ್ಟು ಬಿಡುವು ಸಿಕ್ಕರೆ ನಿಮಿಷಕ್ಕೆ ನೂರು ಪದದ ಆ ಸೂಚನೆಗೂ ಸ್ವಲ್ಪ ಬೆಲೆ ಬಂದೀತು. ರನ್‌ವೇಗೆ ಸಂಬಂಧಿಸಿದ್ದು ಮಾತ್ರ ಎಲ್ಲರ ಕಿವಿಗೂ ಬೀಳುವ ಹಾಗೆ, ಎಲ್ಲರಿಗೂ ತಿಳಿಯುವ ಒಂದೇ ಭಾಷೆಯಲ್ಲಿ, ಬಾಯಲ್ಲೇ ಇರಲಿ. ಅಕ್ಷರ ಟೈಪಾಗಿ, ತಲುಪಿ, ಓದಿ, ಗುಂಡಿ ಒತ್ತುವಷ್ಟು ಹೊತ್ತು ಹೇಗೂ ಅಲ್ಲಿ ಯಾರ ಬಳಿಯೂ ಇರುವುದಿಲ್ಲ.